ಗೀಸರ್ ಹಾಕಿದಾಗ ಟ್ರಿಪ್, ತಪ್ಪು ಮಾತ್ರ ಗೀಸರ್‌ದಲ್ಲ

ಬೆಳಿಗ್ಗೆ ಆರು ಗಂಟೆಗೆ ಗೀಸರ್ ಸ್ವಿಚ್ ಒತ್ತಿದೆ. ಟಕ್ ಅಂತ ಇಡೀ ಮನೆ ಕತ್ತಲಾಯಿತು. ಡಿಬಿ, ಅಂದರೆ ಮನೆಯ ಲೈನ್‌ಗಳೆಲ್ಲ ಹೊರಡುವ ಪೆಟ್ಟಿಗೆಯ ಬಾಗಿಲು ತೆಗೆದು ನೋಡಿದರೆ ಒಂದೊಂದು ಲೈನ್‌ಗೂ ಒಂದೊಂದು ಇರುವ ಟ್ರಿಪ್ ಸ್ವಿಚ್‌ಗಳು, ಎಂಸಿಬಿಗಳೆಲ್ಲ ಮೇಲೇ ಇವೆ, ಇಡೀ ಮನೆಯ ಕರೆಂಟ್ ಸೋರಿಕೆ ಕಾಯುವ ಆರ್‌ಸಿಸಿಬಿ ಮಾತ್ರ ಕೆಳಗೆ ಬಿದ್ದಿದೆ. ಎತ್ತಿದೆ, ನಿಂತಿತು. ಮತ್ತೆ ಗೀಸರ್ ಹಾಕಿದೆ, ಮತ್ತೆ ಟಕ್. ಅವತ್ತು ತಣ್ಣೀರು ಸ್ನಾನ.

ಇಂಥ ಹೊತ್ತಲ್ಲಿ ಯಾರಿಗಾದರೂ ಬರುವ ಯೋಚನೆಯೇ ನನಗೂ ಬಂತು. ಗೀಸರ್‌ನ ಕಾಯಿಲ್ ಹೋಗಿದೆ. ನೀರಿನಲ್ಲಿ ಮುಳುಗಿರುವ ಕಾಯಿಲ್ ಒಂದಲ್ಲ ಒಂದು ದಿನ ಬಿರುಕು ಬಿಟ್ಟು ಗೀಸರ್‌ನ ಲೋಹದ ಮೈಗೆ ಕರೆಂಟ್ ಸೋರುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ತುಂಬ ಮಾಮೂಲಿ ಕಥೆ. ಕಾಯಿಲ್ ಬದಲಿಸಿದರೆ ಮುಗಿಯಿತು ಅಂದುಕೊಂಡೆ. ಮುಗಿಯಲು ಎರಡು ವಾರ ಬೇಕಾಯಿತು, ಕಾಯಿಲ್ ಬದಲಿಸಲೇ ಇಲ್ಲ.

ಮೊದಲು ಆರ್‌ಸಿಸಿಬಿ ಏನು ನೋಡುತ್ತದೆ ಅಂತ ಹೇಳಿಬಿಡುತ್ತೇನೆ. ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರೊಳಗಿನ ಬಳೆಯಂಥ ಒಂದು ಕೋರ್ ಒಳಗಿಂದ ಹಾಯುತ್ತವೆ. ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂದರೆ ಅದು ಸುಮ್ಮನಿರುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕ ತಾಳೆಯಾಗದಿದ್ದರೆ ಬೀಳುತ್ತದೆ. ನಮ್ಮದು 30 ಮಿಲಿಆಂಪ್‌ನದ್ದು. 30 ತಲುಪಿದರೆ ಬೀಳಲೇಬೇಕು. ಆದರೆ 15 ದಾಟಿದ ಮೇಲೆ ನಡುವೆ ಎಲ್ಲಿ ಬಿದ್ದರೂ ಅದನ್ನು ಕೆಟ್ಟಿದೆ ಅನ್ನುವಂತಿಲ್ಲ. ಎಂಸಿಬಿ ನೋಡುವುದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್ ಅಷ್ಟೇ. ಇಷ್ಟು ಸಣ್ಣ ಸೋರಿಕೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಮೇನ್ ಆಫ್ ಮಾಡಿ, ಗೀಸರ್ ಪ್ಲಗ್ ಕಿತ್ತು, ಪರಿಚಯದವರಿಂದ ತಂದ ಮೆಗ್ಗರ್ ಹಾಕಿದೆ. ಮೆಗ್ಗರ್ ಅಂದರೆ 500 ವೋಲ್ಟ್ ಡಿಸಿ ಕೊಟ್ಟು ಇನ್ಸುಲೇಷನ್ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಮೀಟರ್. ಮಲ್ಟಿಮೀಟರ್‌ನ ಓಮ್ ರೇಂಜ್ ಕೊಡುವುದು ಕೆಲವೇ ವೋಲ್ಟ್. ಹಾಗಾಗಿ 230 ವೋಲ್ಟ್ ಬಿದ್ದಾಗ ಮಾತ್ರ ಸೋರುವ ದುರ್ಬಲ ಇನ್ಸುಲೇಷನ್ ಅದಕ್ಕೆ ಸರಿಯಾಗೇ ಕಾಣಬಹುದು. ಫೇಸ್ ಮತ್ತು ನ್ಯೂಟ್ರಲ್ ಪಿನ್ ಎರಡನ್ನೂ ಸೇರಿಸಿ ಅರ್ತ್ ಪಿನ್‌ಗೆ ಅಳೆದೆ. 80 ಮೆಗಾಓಮ್. ಒಂದು ಮೆಗಾಓಮ್ ಇದ್ದರೂ ಸಾಕಿತ್ತು. ಗೀಸರ್ ಗಟ್ಟಿಮುಟ್ಟಾಗಿದೆ.

ಸರಿ, ಗೀಸರ್ ಅಲ್ಲದಿದ್ದರೆ ಅದರ ಲೈನ್ ಇರಬೇಕು ಅಲ್ವಾ? ಇಲ್ಲಿಂದ ನಾನು ದಾರಿ ತಪ್ಪಿದೆ. ಹೇಗೆ ತಪ್ಪಿದೆ ಅನ್ನುವುದನ್ನು ಸ್ವಲ್ಪ ವಿವರವಾಗೇ ಬರೆಯುತ್ತೇನೆ. ಯಾಕೆಂದರೆ ನಾನು ಮಾಡಿದ ಪರೀಕ್ಷೆಯನ್ನೇ ಬಹಳಷ್ಟು ಜನ ಮಾಡುತ್ತಾರೆ, ನಾನು ನಂಬಿದ್ದನ್ನೇ ನಂಬುತ್ತಾರೆ.

ಡಿಬಿಯಲ್ಲಿ ಆರು ಎಂಸಿಬಿ ಇವೆ. ಎಲ್ಲವನ್ನೂ ಆಫ್ ಮಾಡಿ ಆರ್‌ಸಿಸಿಬಿ ಎತ್ತಿದೆ. ನಿಂತಿತು. ಒಂದೊಂದಾಗಿ ಎಂಸಿಬಿ ಹಾಕುತ್ತ ಬಂದೆ. ಲೈಟ್ ಸರಿ. ಹಾಲ್ ಮತ್ತು ರೂಮ್‌ಗಳ ಸಾಕೆಟ್ ಲೈನ್ ಸರಿ. ಅಡುಗೆಮನೆ ಸರಿ. ಗೀಸರ್ ಲೈನ್ ಹಾಕಿ ಗೀಸರ್ ಆನ್ ಮಾಡಿದೆ, ಟಕ್. ಈಗ ಉಲ್ಟಾ ಮಾಡಿದೆ. ಮಿಕ್ಕ ಐದೂ ಎಂಸಿಬಿ ಆಫ್, ಗೀಸರ್‌ದು ಒಂದೇ ಆನ್. ಗೀಸರ್ ಹಾಕಿದೆ, ಟಕ್. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು? ಬೇರೆ ಲೈನ್‌ಗಳೆಲ್ಲ ಕಟ್ ಆಗಿವೆ, ಉಳಿದಿರುವುದು ಗೀಸರ್ ಲೈನ್ ಒಂದೇ. ತಪ್ಪು ಅಲ್ಲೇ ಇರಬೇಕು.

ಗೀಸರ್‌ನ ಸಾಕೆಟ್ ಬದಲಿಸಿದೆ. ಸ್ವಿಚ್ ಬದಲಿಸಿದೆ. ಆ ಲೈನ್‌ನ ಫೇಸ್ ವೈರನ್ನು ಡಿಬಿಯಲ್ಲಿ ಬಿಚ್ಚಿ ಅರ್ತ್‌ಗೆ ಮೆಗ್ಗರ್ ಹಾಕಿದೆ. ನೂರಕ್ಕಿಂತ ಜಾಸ್ತಿ ಮೆಗಾಓಮ್. ಎಲ್ಲ ವಾಪಸ್ ಜೋಡಿಸಿ ಗೀಸರ್ ಹಾಕಿದರೆ ಮತ್ತದೇ.

ಈ ಮಧ್ಯೆ ಒಬ್ಬ ಎಲೆಕ್ಟ್ರಿಷಿಯನ್‌ರನ್ನೂ ಕರೆಸಿದ್ದೆ. ಅವರು ಎರಡು ನಿಮಿಷ ನೋಡಿ, "ಇದು ಹಳೆಯದಾಗಿದೆ ಸಾರ್, ಸುಮ್ನೆ ಬೀಳ್ತಿದೆ. ತೆಗೆದು ಡೈರೆಕ್ಟ್ ಕೊಟ್ಟುಬಿಡಲಾ?" ಅಂದರು. ಬೇಡ ಅಂದೆ. ಬಚ್ಚಲುಮನೆಯಲ್ಲಿ ಒದ್ದೆ ಕಾಲಲ್ಲಿ ನಿಲ್ಲುವವನ ಜೀವ ಉಳಿಸಲಿಕ್ಕೇ ಇರುವ ಪೆಟ್ಟಿಗೆ ಅದು. ಅದು ಕೂಗಿಕೊಂಡಾಗ ಅದರ ಬಾಯಿಗೇ ಬಟ್ಟೆ ತುರುಕುವುದಾ? ಆದರೂ ಅವರ ಮಾತಿನಲ್ಲಿ ಅರ್ಧ ಸಾಧ್ಯತೆ ಇತ್ತು. ಆರ್‌ಸಿಸಿಬಿಯೇ ಕೆಟ್ಟಿರಬಹುದಲ್ಲ. ಟೆಸ್ಟ್ ಬಟನ್ ಒತ್ತಿದರೆ ಸರಿಯಾಗಿ ಬೀಳುತ್ತಿತ್ತು. ಆದರೆ ಅದು ಬೀಳಬೇಕಾದಾಗ ಬೀಳುತ್ತದೆ ಅಂತ ಹೇಳುತ್ತದೆಯೇ ಹೊರತು ಬೀಳಬಾರದಾಗ ಬೀಳುವುದಿಲ್ಲ ಅಂತ ಹೇಳುವುದಿಲ್ಲ. ಅದೇ ರೇಟಿಂಗ್‌ನ ಹೊಸದೊಂದನ್ನು ತಂದು ಹಾಕಿಯೇ ನೋಡಿದೆ. ಅದೂ ಬಿತ್ತು. ಒಂದು ಅನುಮಾನವಾದರೂ ಕಳೆಯಿತು.

ಕೊನೆಗೆ ನಾನು ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಡಿಬಿ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಪೆನ್ನು ನೇತುಹಾಕಿ, ಬಿದ್ದಾಗಲೆಲ್ಲ ಟೈಮ್ ಎಷ್ಟು, ಏನೇನು ಆನ್ ಇತ್ತು ಅಂತ ಬರೆಯಿರಿ ಎಂದು ಮನೆಯವರಿಗೆಲ್ಲ ಹೇಳಿದೆ. ಅಮ್ಮ ಎಲ್ಲರಿಗಿಂತ ಚೆನ್ನಾಗಿ ಬರೆದರು. ಮೂರನೇ ದಿನದ ಅವರ ಸಾಲು ಹೀಗಿತ್ತು: "ಗೀಸರ್ ಹಾಕಿರಲಿಲ್ಲ. ಇಸ್ತ್ರಿ ಪೆಟ್ಟಿಗೆ ಹಾಕಿದ್ದೆ. ಹೋಯ್ತು." ಅದರ ಕೆಳಗೆ, "ಮತ್ತೆ ಅದೇ ಇಸ್ತ್ರಿ ಪೆಟ್ಟಿಗೆ ಹಾಕಿದೆ. ಹೋಗ್ಲಿಲ್ಲ."

ಇಸ್ತ್ರಿ ಪೆಟ್ಟಿಗೆ ಹಾಕಿದ್ದು ಅಡುಗೆಮನೆ ಲೈನ್‌ನಲ್ಲಿ. ಅದಕ್ಕೂ ಗೀಸರ್ ಲೈನ್‌ಗೂ ಸಂಬಂಧವೇ ಇಲ್ಲ. ಇಸ್ತ್ರಿ ಪೆಟ್ಟಿಗೆಯನ್ನೂ ಮೆಗ್ಗರ್‌ನಲ್ಲಿ ನೋಡಿದೆ, ಚೆನ್ನಾಗೇ ಇತ್ತು. ಹಾಳೆ ಎದುರಿಗಿಟ್ಟುಕೊಂಡು ಕೂತೆ. 2000 ವ್ಯಾಟ್‌ನ ಗೀಸರ್ ಹಾಕಿದರೆ ಪ್ರತಿ ಸಲ ಬೀಳುತ್ತದೆ. 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಹಾಕಿದರೆ ಒಂದೊಂದು ಸಲ. ಫ್ಯಾನು, ಲೈಟು, ಟಿವಿಗೆ ಎಂದೂ ಇಲ್ಲ. ಅಂದರೆ ಯಾವ ಉಪಕರಣ ಅನ್ನುವುದು ಮುಖ್ಯವಲ್ಲ, ಎಷ್ಟು ಲೋಡ್ ಅನ್ನುವುದು ಮುಖ್ಯ. ಫೇಸ್ ವೈರ್ ಎಲ್ಲೋ ಅರ್ತ್‌ಗೆ ಸೋರುತ್ತಿದ್ದರೆ ಲೋಡ್ ಇರಲಿ ಬಿಡಲಿ 230 ವೋಲ್ಟ್ ಅಲ್ಲಿ ಇದ್ದೇ ಇರುತ್ತದೆ, ಸೋರಿಕೆಯೂ ಅಷ್ಟೇ ಇರುತ್ತದೆ. ಲೋಡ್ ಏರಿದಂತೆ ಏರುವ ವೋಲ್ಟೇಜ್ ಎಲ್ಲಿರುತ್ತದೆ?

ನ್ಯೂಟ್ರಲ್‌ನಲ್ಲಿ.

ನ್ಯೂಟ್ರಲ್ ಅಂದರೆ ಸೊನ್ನೆ ವೋಲ್ಟ್ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಅದು ನಿಜ, ಅಲ್ಲಿ ಅದನ್ನು ಭೂಮಿಗೆ ಕಟ್ಟಿರುತ್ತಾರೆ. ಮನೆಗೆ ಬರುವಷ್ಟರಲ್ಲಿ ಉದ್ದದ ವೈರ್‌ನಲ್ಲಿ ಕರೆಂಟ್ ಹರಿದು, ಒಂದಿಷ್ಟು ವೋಲ್ಟ್ ಕುಸಿದಿರುತ್ತದೆ. ಹಾಗಾಗಿ ಮನೆಯ ನ್ಯೂಟ್ರಲ್‌ಗೂ ಮನೆಯ ಅರ್ತ್‌ಗೂ ನಡುವೆ ಸಣ್ಣ ವೋಲ್ಟೇಜ್ ಇದ್ದೇ ಇರುತ್ತದೆ. ಲೋಡ್ ಜಾಸ್ತಿಯಾದರೆ ಅದೂ ಜಾಸ್ತಿಯಾಗುತ್ತದೆ. ಈಗ ಮನೆಯೊಳಗೆ ಎಲ್ಲೋ ಒಂದು ಕಡೆ ನ್ಯೂಟ್ರಲ್ ವೈರ್ ಅರ್ತ್‌ಗೆ ತಾಗಿದೆ ಅಂದುಕೊಳ್ಳಿ. ವಾಪಸ್ ಹೋಗುವ ಕರೆಂಟ್‌ಗೆ ಎರಡು ದಾರಿ ಸಿಕ್ಕಿತು. ಬಹುಪಾಲು ನ್ಯೂಟ್ರಲ್‌ನಲ್ಲೇ ಹೋಗುತ್ತದೆ, ಒಂದು ಚೂರು ಅರ್ತ್ ಕಡೆ ತಿರುಗುತ್ತದೆ. ಆ ಚೂರು ಆರ್‌ಸಿಸಿಬಿಯ ಲೆಕ್ಕಕ್ಕೆ ಸಿಗುವುದಿಲ್ಲ. ಟಕ್.

ಇನ್ನೊಂದು ವಿಷಯ ಆಗ ಹೊಳೆಯಿತು, ಹೊಳೆದದ್ದೇ ನಾಚಿಕೆಯಾಯಿತು. ನಮ್ಮ ಡಿಬಿಯ ಎಂಸಿಬಿಗಳೆಲ್ಲ ಸಿಂಗಲ್ ಪೋಲ್. ಅವು ಕತ್ತರಿಸುವುದು ಫೇಸ್ ಒಂದನ್ನೇ. ಆರೂ ಲೈನ್‌ಗಳ ನ್ಯೂಟ್ರಲ್ ಕೆಳಗಿನ ಹಿತ್ತಾಳೆ ಲಿಂಕ್‌ನಲ್ಲಿ ಸದಾ ಒಟ್ಟಿಗೇ ಇರುತ್ತವೆ. ನಾನು "ಮಿಕ್ಕ ಐದೂ ಲೈನ್ ಕಟ್ ಆಗಿವೆ" ಅಂದುಕೊಂಡಾಗ ಒಂದೂ ಪೂರ್ತಿ ಕಟ್ ಆಗಿರಲಿಲ್ಲ. ಗೀಸರ್ ಮಾಡುತ್ತಿದ್ದದ್ದು ಇಷ್ಟೇ: ಎಲ್ಲರಿಗೂ ಸೇರಿದ ನ್ಯೂಟ್ರಲ್ ಮೇಲೆ ಭಾರ ಹಾಕುವುದು. ಸೋರುತ್ತಿದ್ದದ್ದು ಬೇರೆ ಯಾವುದೋ ಲೈನ್, ಎಂಸಿಬಿ ಆಫ್ ಆಗಿದ್ದರೂ ಸೋರುತ್ತಿತ್ತು. ಟೆಸ್ಟರ್ ಹಿಡಿದು ಹುಡುಕಿದರೂ ಇದು ಸಿಗುವುದಿಲ್ಲ. ಒಂದು ವೋಲ್ಟ್‌ಗೆ ಟೆಸ್ಟರ್ ಉರಿಯಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತೆ. ಮೇನ್ ಸ್ವಿಚ್ ಆಫ್, ಆರ್‌ಸಿಸಿಬಿಯೂ ಆಫ್. ಇವೆರಡೂ ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥವು. ಅದು ಇಲ್ಲಿ ಬಹಳ ಮುಖ್ಯ. ಹೊರಗಿನ ನ್ಯೂಟ್ರಲ್ ಅಂಟಿಕೊಂಡಿದ್ದರೆ ಅಳತೆಯೇ ಸುಳ್ಳು ಹೇಳುತ್ತದೆ. ಅದು ಟ್ರಾನ್ಸ್‌ಫಾರ್ಮರ್ ಬಳಿ ಭೂಮಿಗೆ ಸೇರಿರುವುದರಿಂದ ಎಲ್ಲ ಲೈನೂ ಅರ್ತ್ ಆದಂತೆ ತೋರುತ್ತದೆ. ಆಫ್ ಮಾಡುವ ಮೊದಲು ಬದುಕಿರುವ ಸಾಕೆಟ್‌ನಲ್ಲಿ ಮೀಟರ್ ಸರಿಯಾಗಿ 230 ತೋರಿಸುತ್ತದಾ ನೋಡಿದೆ. ಆಫ್ ಮಾಡಿದ ಮೇಲೆ ಡಿಬಿಯಲ್ಲಿ ಸೊನ್ನೆ ಇದೆಯಾ ನೋಡಿದೆ. ಮೀಟರೇ ಸತ್ತಿದ್ದರೂ ಸೊನ್ನೆಯನ್ನೇ ತೋರಿಸುತ್ತದಲ್ಲ, ಅದಕ್ಕೆ ಈ ಶಾಸ್ತ್ರ. ಮನೆಯ ಎಲ್ಲ ಪ್ಲಗ್ ಕಿತ್ತೆ. ಟಿವಿ, ಚಾರ್ಜರ್ ಇತ್ಯಾದಿಗೆ 500 ವೋಲ್ಟ್ ಡಿಸಿ ತಿನ್ನಿಸುವುದು ಒಳ್ಳೆಯದಲ್ಲ.

ಲಿಂಕ್‌ನಲ್ಲಿ ಆರು ಕಪ್ಪು ವೈರ್. ಯಾವುದು ಯಾವ ಲೈನ್‌ದು ಅಂತ ಯಾರೂ ಗುರುತು ಮಾಡಿಲ್ಲ. ಮೊದಲು ಫೋಟೊ ತೆಗೆದು, ಒಂದೊಂದನ್ನೇ ಬಿಚ್ಚಿ, ಸಾಕೆಟ್ ಕಡೆಯಿಂದ ಉದ್ದದ ವೈರ್ ಎಳೆದು ಕಂಟಿನ್ಯೂಟಿ (ಎರಡೂ ತುದಿ ಒಂದೇ ವೈರ್‌ನದ್ದಾ ಅಂತ) ನೋಡಿ, ಪೇಪರ್ ಟೇಪ್ ಮೇಲೆ ಹೆಸರು ಬರೆದು ಸುತ್ತಿದೆ. ಇದಕ್ಕೇ ಒಂದೂವರೆ ಗಂಟೆ ಹೋಯಿತು. ಆಮೇಲೆ ಪ್ರತಿ ನ್ಯೂಟ್ರಲ್‌ಗೂ ಅರ್ತ್ ವೈರ್‌ಗಳೆಲ್ಲ ಸೇರುವ ಅರ್ತ್ ಬಾರ್‌ಗೂ ನಡುವೆ ಮೆಗ್ಗರ್. ಗೀಸರ್ ನೂರರ ಮೇಲೆ. ಅಡುಗೆಮನೆ ನೂರರ ಮೇಲೆ. ರೂಮ್ ಲೈಟ್, ಪಂಪ್, ಎರಡೂ ಚೆನ್ನ. ಹಾಲ್ ಲೈಟ್, 0.00. ಸಾಕೆಟ್ ಲೈನ್, ಅದೂ 0.00.

ಎರಡು ಲೈನ್ ಒಟ್ಟಿಗೆ ಕೆಟ್ಟಿವೆಯಾ? ಮಲ್ಟಿಮೀಟರ್ ಹಾಕಿದೆ. ಎರಡೂ 24 ಓಮ್. ಅಷ್ಟು ತದ್ರೂಪ ಸಂಖ್ಯೆ ಕಾಕತಾಳೀಯ ಆಗಿರಲು ಸಾಧ್ಯವಿಲ್ಲ. ಬಿಚ್ಚಿದ ಆ ಎರಡು ನ್ಯೂಟ್ರಲ್‌ಗಳ ನಡುವೆಯೇ ಅಳೆದರೆ ಒಂದು ಓಮ್‌ಗಿಂತ ಕಡಿಮೆ. ಅಂದರೆ ಎಲ್ಲೋ ಒಳಗೆ ಒಂದಕ್ಕೊಂದು ಕಟ್ಟಿದ್ದಾರೆ. ಹಾಲ್‌ನ ದೊಡ್ಡ ಸ್ವಿಚ್ ಬೋರ್ಡ್ ಬಿಚ್ಚಿದಾಗ ಸಿಕ್ಕಿತು. ಲೈಟ್ ಲೈನ್‌ನ ನ್ಯೂಟ್ರಲ್ಲೂ ಸಾಕೆಟ್ ಲೈನ್‌ನ ನ್ಯೂಟ್ರಲ್ಲೂ ಒಂದೇ ಕನೆಕ್ಟರ್‌ನಲ್ಲಿ ಕೂತಿದ್ದವು. ವೈರಿಂಗ್ ಮಾಡುವಾಗ ಸುಲಭ ಅಂತ ಮಾಡಿರುತ್ತಾರೆ, ಲೈಟ್ ಉರಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇದು ಕೈ ಸುಡುವ ಕೆಲಸ. ಸಾಕೆಟ್ ಎಂಸಿಬಿ ಆಫ್ ಮಾಡಿ, ಲೈನ್ ಸತ್ತಿದೆ ಅಂದುಕೊಂಡು ನ್ಯೂಟ್ರಲ್ ಬಿಚ್ಚಿದವನ ಕೈಯಲ್ಲಿ ಪಕ್ಕದ ಲೈನ್‌ನ ಲೈಟ್ ಮೂಲಕ ಬಂದ 230 ವೋಲ್ಟ್ ಇರಬಹುದು. ಮೇನ್ ಆಫ್ ಮಾಡಿಯೇ ಕೆಲಸ ಮಾಡಬೇಕು ಅನ್ನುವುದು ಇಂಥದ್ದಕ್ಕೇ. ಎರಡನ್ನೂ ಬೇರ್ಪಡಿಸಿದೆ. ಲೈಟ್ ನ್ಯೂಟ್ರಲ್ ಕ್ಲೀನ್. ಸಾಕೆಟ್ ಲೈನ್ ಒಂದೇ ಉಳಿಯಿತು. ಮೊದಲ ದಿನ "ಸರಿ ಇದೆ" ಅಂತ ಟಿಕ್ ಹಾಕಿದ್ದ ಲೈನ್.

ಸಂಜೆಯಾಗಿತ್ತು. ಸಾಕೆಟ್ ಲೈನ್‌ನ ಫೇಸ್, ನ್ಯೂಟ್ರಲ್ ಎರಡನ್ನೂ ಬಿಚ್ಚಿ ತುದಿಗೆ ಕನೆಕ್ಟರ್ ಹಾಕಿ ಮುಚ್ಚಿ ಪವರ್ ಕೊಟ್ಟೆ. ಗೀಸರ್ ಹಾಕಿದೆ. ನಿಂತಿತು. ಗೀಸರ್ ಜೊತೆಗೆ ಇಸ್ತ್ರಿ ಪೆಟ್ಟಿಗೆಯನ್ನೂ ಹಾಕಿದೆ. ನಿಂತಿತು. ಎಂಟು ದಿನದ ಮೇಲೆ ಬಿಸಿನೀರು.

ಅದೇ ಹೊತ್ತಿನಲ್ಲಿ ಲಿಂಕ್‌ಗೂ ಅರ್ತ್ ಬಾರ್‌ಗೂ ನಡುವಿನ ವೋಲ್ಟೇಜನ್ನೂ ಅಳೆದುಕೊಂಡೆ. ಬರೀ ಫ್ಯಾನು, ಫ್ರಿಜ್ ಓಡುವಾಗ 0.2 ವೋಲ್ಟ್. ಇಸ್ತ್ರಿ ಪೆಟ್ಟಿಗೆ ಸೇರಿದರೆ 0.65. ಗೀಸರ್ ಸೇರಿದರೆ 1.1. ಈಗ ಲೆಕ್ಕ ಹಾಕಿ. ಸೋರುವ ಜಾಗದ 24 ಓಮ್, ಜೊತೆಗೆ ಅರ್ತ್ ಗುಂಡಿಯದ್ದು ಅಂದಾಜು 5 ಅಂತಿಟ್ಟುಕೊಂಡರೆ ಒಟ್ಟು 29. ಖಾಲಿ ಇದ್ದಾಗ 0.2 ಭಾಗಿಸು 29, ಅಂದರೆ 7 ಮಿಲಿಆಂಪ್. ಆರ್‌ಸಿಸಿಬಿ ಮಿಸುಕುವುದಿಲ್ಲ. ಇಸ್ತ್ರಿ ಪೆಟ್ಟಿಗೆಗೆ 22. ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಗೀಸರ್‌ಗೆ 38. ಬೀಳಲೇಬೇಕು. ಅಮ್ಮನ ಎರಡು ಸಾಲು ಅಕ್ಷರಶಃ ಸರಿ ಇತ್ತು.

ಮುಂದಿನ ಶನಿವಾರ ಜಾಗ ಹುಡುಕುವ ಕೆಲಸ. ಈ ಲೈನ್‌ನಲ್ಲಿ ಏಳು ಬಾಕ್ಸ್ ಇವೆ. ಡಿಬಿಯಿಂದ ಒಂದನೆಯದಕ್ಕೆ, ಅಲ್ಲಿಂದ ಎರಡನೆಯದಕ್ಕೆ, ಹೀಗೆ ಲೂಪ್ ಆಗಿ ಸಾಗುತ್ತದೆ. ಒಂದರಿಂದ ಶುರು ಮಾಡಿ ಎಲ್ಲ ಬಿಚ್ಚುವ ಬದಲು ನೇರ ನಡುವಿಗೆ ಹೋದೆ. ನಾಲ್ಕನೇ ಬಾಕ್ಸ್‌ನಲ್ಲಿ ಬರುವ ನ್ಯೂಟ್ರಲ್, ಹೋಗುವ ನ್ಯೂಟ್ರಲ್ ಬೇರೆ ಮಾಡಿ ಎರಡನ್ನೂ ಅರ್ತ್‌ಗೆ ಅಳೆದೆ. ಬರುವುದು ಕ್ಲೀನ್, ಹೋಗುವುದು 24 ಓಮ್. ಒಂದೇ ಏಟಿಗೆ ಅರ್ಧ ಲೈನ್ ಲೆಕ್ಕದಿಂದ ಹೊರಗೆ. ಆರನೆಯದರಲ್ಲಿ ಅದನ್ನೇ ಮಾಡಿದೆ. ಏಳಕ್ಕೆ ಹೋಗುವುದು ಕ್ಲೀನ್. ಹಾಗಾದರೆ ನಾಲ್ಕಕ್ಕೂ ಆರಕ್ಕೂ ನಡುವೆ. ಅಂದರೆ ಐದನೇ ಬಾಕ್ಸ್, ಅಥವಾ ಗೋಡೆಯೊಳಗಿನ ಪೈಪ್. ಪೈಪ್ ಆಗದಿರಲಿ ಅಂತ ಮನಸ್ಸಲ್ಲೇ ಬೇಡಿಕೊಂಡೆ.

ಐದನೆಯದು ರೂಮ್‌ನ ಮೇಜಿನ ಹಿಂದೆ, ಫೋನ್ ಚಾರ್ಜರ್ ದಿನಕ್ಕೆ ಹತ್ತು ಸಲ ಹಾಕಿ ತೆಗೆಯುವ ಸಾಕೆಟ್. ಮೀಟರ್ ಕಡೆ ನಾನು ಕೂತೆ. ತಮ್ಮನಿಗೆ, "ಬಿಚ್ಚಬೇಡ, ಸುಮ್ನೆ ಪ್ಲೇಟನ್ನ ಅಂಗೈಯಲ್ಲಿ ಒತ್ತು" ಅಂದೆ. ಒತ್ತಿದ. 24 ಇದ್ದದ್ದು 9ಕ್ಕೆ ಇಳಿಯಿತು. ಬಿಟ್ಟ. 31. ಮತ್ತೆ ಒತ್ತಿದ. 8. "ಏನಾಯ್ತೋ?" ಅಂದ. "ಸಿಕ್ತು" ಅಂದೆ.

ಪ್ಲೇಟ್ ತೆಗೆದರೆ ಒಳಗೆ ವೈರ್ ಸುರುಳಿ ಕಿಕ್ಕಿರಿದು ತುಂಬಿದೆ. ಮುಂದೆ ಬೇಕಾದೀತು ಅಂತ ಉದ್ದ ಬಿಟ್ಟಿರುವ ವೈರ್. ಮೆಟಲ್ ಬಾಕ್ಸ್‌ನ ಕೆಳ ಅಂಚಿಗೂ ಸಾಕೆಟ್ ಫ್ರೇಮ್‌ಗೂ ನಡುವೆ ಒಂದು ಕಪ್ಪು ವೈರ್ ಸಿಕ್ಕಿಹಾಕಿಕೊಂಡಿತ್ತು. ಪಿವಿಸಿ ಒಂದೇ ದಿನಕ್ಕೆ ಹರಿಯುವುದಿಲ್ಲ. ಚೂಪು ಅಂಚಿನ ಮೇಲೆ ಒತ್ತಡ ಬಿದ್ದುಕೊಂಡೇ ಇದ್ದರೆ ಮೇಣದ ಹಾಗೆ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ, ತಿಂಗಳುಗಟ್ಟಲೆ. ಇಲ್ಲಿ ಸರಿದು ಸರಿದು ತಾಮ್ರದ ಒಂದು ಗೆರೆ ಹೊರಗೆ ಬಂದಿತ್ತು, ಕೂದಲೆಳೆಯಷ್ಟು ತೆಳ್ಳಗೆ. ಅದು ತಾಗುತ್ತಿದ್ದದ್ದು ಬಾಕ್ಸ್‌ನ ತುಕ್ಕು ಹಿಡಿದ ಅಂಚಿಗೆ. ಪೂರ್ತಿ ಶಾರ್ಟ್ ಆಗದೆ 24 ಓಮ್ ಬರಲು ಆ ತುಕ್ಕೇ ಕಾರಣ.

ಆ ಪ್ಲೇಟ್ ಎರಡು ವರ್ಷದ ಹಿಂದೆ ಹಾಕಿದ್ದು ಯಾರು ಅಂತ ತಮ್ಮ ಕೇಳಿದ. ನಾನೇ. ಹಳೆಯದು ಒಡೆದಿತ್ತು ಅಂತ ಬದಲಿಸಿದ್ದೆ. ಸ್ಕ್ರೂ ಕೂರದಿದ್ದಾಗ ವೈರ್‌ಗಳನ್ನು ಹೆಬ್ಬೆರಳಲ್ಲಿ ಒಳಗೆ ತಳ್ಳಿ ಬಿಗಿ ಮಾಡಿದ್ದು ಕೂಡ ನೆನಪಿದೆ.

ರಿಪೇರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಾಯವಾದ ಜಾಗದವರೆಗೆ ವೈರ್ ಕತ್ತರಿಸಿದೆ. ಉದ್ದ ಬಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು, ಮಧ್ಯೆ ಜೋಡಣೆ ಬೇಕಾಗಲಿಲ್ಲ. ಬರೀ ಟೇಪ್ ಸುತ್ತಿ ಬಿಡಬಹುದಿತ್ತಲ್ಲ ಅಂದರೆ, ಒತ್ತಡ ಇರುವ ಜಾಗದಲ್ಲಿ ಟೇಪ್ ಕೂಡ ಪಿವಿಸಿಯ ಹಾಗೇ ಸರಿಯುತ್ತದೆ. ಮಿಕ್ಕ ಸುರುಳಿಯನ್ನು ಅರ್ಧಕ್ಕೆ ಇಳಿಸಿದೆ. ಬಾಕ್ಸ್‌ನ ಅಂಚನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿ, ತುಕ್ಕು ಕೆರೆದು, ಅರ್ತ್ ಸ್ಕ್ರೂ ಬಿಚ್ಚಿ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿದೆ. ಅರ್ತ್ ವೈರ್ ಅಲ್ಲಿ ಸಡಿಲವಾಗಿತ್ತು. ಪೈಪ್ ಬಾಯಿಗೆ ರಬ್ಬರ್ ಬುಷ್ ಇರಲಿಲ್ಲ, ಹಾಕಿದೆ. ಪ್ಲೇಟ್ ಈ ಸಲ ತಾನಾಗೇ ಕೂತಿತು, ಹೆಬ್ಬೆರಳು ಬೇಕಾಗಲಿಲ್ಲ.

ಆರು ಮತ್ತು ನಾಲ್ಕರ ಲೂಪ್ ವಾಪಸ್ ಜೋಡಿಸಿ ಡಿಬಿಯಿಂದ ಪೂರ್ತಿ ಲೈನ್ ಅಳೆದೆ. ನ್ಯೂಟ್ರಲ್‌ನಿಂದ ಅರ್ತ್‌ಗೆ ನೂರಕ್ಕಿಂತ ಜಾಸ್ತಿ. ಫೇಸ್‌ನಿಂದ ಅರ್ತ್‌ಗೆ 6 ಮೆಗಾಓಮ್.

ಆರಕ್ಕೆ ಪಾಸ್ ಮಾರ್ಕ್ ಇದೆ, ಒಂದಿದ್ದರೂ ಸಾಕು. ಆದರೆ ಬೇರೆ ಎಲ್ಲ ಲೈನ್ ನೂರರ ಮೇಲಿರುವಾಗ ಇದೊಂದು ಆರು ಯಾಕೆ? ಆಮೇಲೆ ನೆನಪಾಯಿತು. ಅವತ್ತು ನಾನು ಬದಲಿಸಿದ್ದು ಒಂದೇ ಪ್ಲೇಟ್ ಅಲ್ಲ, ಎರಡು. ಇನ್ನೊಂದು ಮೂರನೇ ಬಾಕ್ಸ್‌ದು. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು, ಹೋಗಿ ಬಿಚ್ಚಿದೆ. ಅದೇ ಕೆಳ ಅಂಚು, ಅದೇ ಥರ ಸಿಕ್ಕಿಕೊಂಡ ವೈರ್. ಚಪ್ಪಟೆಯಾಗಿ ಪಿವಿಸಿ ಕಾಗದದಷ್ಟು ತೆಳುವಾಗಿತ್ತು, ತಾಮ್ರ ಇನ್ನೂ ಕಂಡಿರಲಿಲ್ಲ. ಈ ಸಲ ವೈರ್ ಕಪ್ಪಲ್ಲ, ಕೆಂಪು. ಫೇಸ್.